ದೂಧಸಾಗರದ ಹಳಿಯ ಮೇಲೆ ನಮ್ಮದೇ ಮನೆಯ ಹುಡುಗರು

ಶಹಾಪುರದ ಅಕ್ಕ (ಚರ್ಚೆ ಆರಂಭಿಸಿದವರು), ರವಿವಾರ ರಾತ್ರಿ 9.40

ಮಳೆಗಾಲ ಬಂತೆಂದರೆ ಬೆಳಗಾವಿಯ ಮಂದಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಶನಿವಾರ ಮಧ್ಯಾಹ್ನವಾಗುತ್ತಲೇ ಅಂಬೋಲಿ, ಚೋರ್ಲಾ, ಜಾಂಬೋಟಿ, ಗೋಕಾಕ ಎಂದು ಒಂದೊಂದು ಗಾಡಿ ಒಂದೊಂದು ದಿಕ್ಕಿಗೆ ಹೊರಟುಬಿಡುತ್ತದೆ. ನಾವು ಕಳೆದ ವಾರ ಮಡಗಾಂವಿನ ಬೀಗರ ಮನೆಯಲ್ಲಿ ಸೀಮಂತವಿದ್ದುದರಿಂದ ರೈಲಿನಲ್ಲಿ ಹೊರಟಿದ್ದೆವು. ಲೋಂಡಾ, ತಿನೈಘಾಟ ದಾಟಿ ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿಯತೊಡಗಿದಾಗ ಬೋಗಿಯಲ್ಲಿದ್ದವರೆಲ್ಲರೂ ಒಂದೇ ಬದಿಯ ಕಿಟಕಿಗಳಿಗೆ ಮುಗಿಬಿದ್ದರು. ದೂಧಸಾಗರದ ಸೇತುವೆ ಸಮೀಪಿಸಿದಂತೆ ಎಂಜಿನ್ನಿನ ಸೀಟಿ ಒಂದೇ ಸಮನೆ ಕೂಗತೊಡಗಿತು, ಗಾಡಿ ತಡವರಿಸಿ ನಿಂತಿತು. ಹೊರಗೆ ನೋಡಿದರೆ ಹಳಿಯ ಪಕ್ಕದಲ್ಲಿ, ಸೇತುವೆಯ ಕಟ್ಟೆಗೆ ಬೆನ್ನು ಹಚ್ಚಿಕೊಂಡು ಹತ್ತು-ಹನ್ನೆರಡು ಹುಡುಗರು ಪ್ಲಾಸ್ಟಿಕ್ ರೇನ್‌ಕೋಟು ತೊಟ್ಟು ನಿಂತಿದ್ದರು. ಅವರಲ್ಲಿ ಒಬ್ಬ ನಮ್ಮ ಬೋಗಿಯತ್ತ ಕೈ ಬೀಸಿ, "ಬೆಳಗಾವ್ಯಾಗಿಂದ ಬಂದೀರೇನ್ರಿ? ನಾವೂ ಅಲ್ಲಿಂದನ ಬಂದೀವ್ರಿ!" ಎಂದು ಕೂಗಿದ.

ಇಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯಬೇಕಾಗಿರಲಿಲ್ಲ, ಎಲ್ಲರಂತೆ ಬೈದು ಸುಮ್ಮನಾಗುತ್ತಿದ್ದೆ. ಆದರೆ ಗಾಡಿ ಮತ್ತೆ ಹೊರಟಾಗ ನಮ್ಮದೇ ಬೋಗಿಯ ಬಾಗಿಲಿನಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ಚಾಚಿ, ಸೊಂಟದ ಮಟ್ಟಕ್ಕೆ ಹೊರಗೆ ಜೋತುಬಿದ್ದಿದ್ದವನು ನನ್ನ ತಂಗಿಯ ಮಗ. ಹತ್ತೊಂಬತ್ತು ವರ್ಷದವನು, ಡಿಪ್ಲೊಮಾ ಓದುತ್ತಿದ್ದಾನೆ. "ಧಬಧಬಿ ಪೂರಾ ಬರೂ ಹಂಗ ವಿಡಿಯೋ ತೆಗಿ, ಅಜ್ಜಿಗೆ ತೋರಸೂಣು" ಎಂದು ಅವನನ್ನು ಬಾಗಿಲಿಗೆ ಕಳಿಸಿದವಳು ನಾನೇ.

310 ಮೀಟರ್ ಎತ್ತರದಿಂದ ನಾಲ್ಕು ಹಂತಗಳಲ್ಲಿ ಬೀಳುವ ಆ ನೀರು ಇರುವುದು ಗೋವೆಯ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಂ ರಾಷ್ಟ್ರೀಯ ಉದ್ಯಾನದ ಒಳಗೆ. ಅಲ್ಲಿ ಮಳೆಗಾಲದಲ್ಲಿ ಹಾವಳಿ ಮಾಡುತ್ತಿರುವವರು ಯಾರೋ ಬೆಂಗಳೂರಿನವರು, ಪುಣೆಯವರು ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ನಾನು ಕಂಡ ಮಟ್ಟಿಗೆ ಅವರಲ್ಲಿ ಬಹಳಷ್ಟು ಮಂದಿ ನಮ್ಮವರೇ. ಈ ಬಗ್ಗೆ ತಿಳಿದವರು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಬೈಗುಳ ಬೇಡ.

ಗುಡ್ಡ ಸುತ್ತುವವ, ರವಿವಾರ ರಾತ್ರಿ 10.25

ಅಕ್ಕಾ, ನಿಮ್ಮ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ನಾನು ಆ ರೇನ್‌ಕೋಟಿನ ಹುಡುಗರ ಪರವಾಗಿಯೂ ಎರಡು ಮಾತು ಹೇಳಬೇಕಾಗಿದೆ, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಕ್ಯಾಸಲ್‌ರಾಕ್‌ನಿಂದ ಹಳಿಗುಂಟ ಸುಮಾರು 14 ಕಿಲೋಮೀಟರ್ ನಡೆದು ದೂಧಸಾಗರ ನೋಡಿ ಬಂದವನು. ಆಗ ಅದೊಂದು ಹೆಸರಾದ ಚಾರಣದ ದಾರಿಯಾಗಿತ್ತು. ಹೆಗಲಿಗೆ ಬ್ಯಾಟರಿ, ಬ್ಯಾಗಿನಲ್ಲಿ ಅವಲಕ್ಕಿ ಹಾಕಿಕೊಂಡು ಹೋಗುವವರು ತಿಂದ ಕಾಗದವನ್ನೂ ಮರಳಿ ತರುತ್ತಿದ್ದರು. 2013ರಲ್ಲಿ ಬಂದ ಒಂದು ಹಿಂದಿ ಚಿತ್ರದಲ್ಲಿ ಆ ಸೇತುವೆ ಕಾಣಿಸಿಕೊಂಡ ಮೇಲೆ ಗುಡ್ಡದ ಮೇಲಿನ ಪ್ರೀತಿಗಿಂತ ಫೋಟೋದ ಹಸಿವು ಇದ್ದವರು ಬರತೊಡಗಿದರು. ಆಮೇಲೆ ಎಲ್ಲರಿಗೂ ಒಟ್ಟಿಗೆ ಬಾಗಿಲು ಮುಚ್ಚಿತು.

ನನ್ನ ತಕರಾರು ಇಷ್ಟೇ. ಬರೀ ನಿಷೇಧದಿಂದ ಜನ ನಿಲ್ಲುವುದಿಲ್ಲ, ಕಳ್ಳದಾರಿ ಹಿಡಿಯುತ್ತಾರೆ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ನಮ್ಮ ಅರಣ್ಯ ಇಲಾಖೆ ಚಾರಣಗಳನ್ನು ತಡೆದು, ಬಳಿಕ ಆನ್‌ಲೈನ್‌ನಲ್ಲಿ ಮುಂಗಡ ಹೆಸರು ನೋಂದಾಯಿಸುವ ಕ್ರಮ ತಂದಿತಲ್ಲವೇ? ದಿನಕ್ಕೆ ಇಂತಿಷ್ಟೇ ಜನ, ಜೊತೆಗೊಬ್ಬ ಮಾರ್ಗದರ್ಶಿ ಎಂದು ಇಲ್ಲಿಯೂ ಮಾಡಬಾರದೇಕೆ? ಇನ್ನು ರೈಲಿನ ಮಾತು. ಎಚ್ಚರದಿಂದ ನಡೆದರೆ ರೈಲು ಬರುವ ಸದ್ದು ದೂರದಿಂದಲೇ ಕೇಳುತ್ತದೆ, ಪಕ್ಕಕ್ಕೆ ಸರಿದರಾಯಿತು. ಅದನ್ನೇ ದೊಡ್ಡ ಅಪಾಯವೆಂದು ಹೇಳುವುದು ನನಗೆ ಅತಿಯೆನಿಸುತ್ತದೆ.

ಲೋಂಡಾ ಕಾಕಾ, ಸೋಮವಾರ ಬೆಳಿಗ್ಗೆ 6.15

ಸದ್ದು ಕೇಳುತ್ತದೆ ಎಂದು ಬರೆದಿರುವ ತಮ್ಮನಿಗೆ ಈ ಮುದುಕನ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಬೇಕು. ಆ ಘಟ್ಟದಲ್ಲಿ ಅನೇಕ ಮಳೆಗಾಲ ಎಂಜಿನ್ ನಡೆಸಿ ನಿವೃತ್ತನಾದವನು ನಾನು.

ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ 26 ಕಿಲೋಮೀಟರನ್ನು ನಾವು ಬ್ರಗಾಂಜಾ ಘಾಟ್ ಎನ್ನುತ್ತೇವೆ. ಅಲ್ಲಿಯ ಇಳಿಜಾರು 37ಕ್ಕೆ 1. ಎಂದರೆ ಪ್ರತಿ 37 ಮೀಟರ್ ಸಾಗಿದಾಗ ಗಾಡಿ ಒಂದು ಮೀಟರ್ ಕೆಳಗಿಳಿಯುತ್ತದೆ. ರಸ್ತೆಯಲ್ಲಿ ಓಡಾಡುವವರಿಗೆ ಇದು ಏನೂ ಅಲ್ಲ, ನಮ್ಮ ಸದಾಶಿವನಗರದ ಏರು ಇದಕ್ಕಿಂತ ಕಡಿದು ಅನ್ನಿಸಬಹುದು. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಇದು ಬಹಳ ದೊಡ್ಡ ಇಳಿಜಾರು. ಅದಕ್ಕೇ ಘಟ್ಟ ಇಳಿಯುವ ಮೊದಲು ಬ್ರೇಕ್ ಪರೀಕ್ಷೆಯಾಗದೆ ಯಾವ ಗಾಡಿಯೂ ಹೊರಡುವುದಿಲ್ಲ. ಮುರಗಾಂವ ಬಂದರಿನಿಂದ ಕಲ್ಲಿದ್ದಲು ಹೊತ್ತು ಮೇಲೇರುವ ಗೂಡ್ಸ್‌ಗಳಿಗೆ ಮುಂದಿನ ಎಂಜಿನ್ ಸಾಲದೆ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳು ನೂಕುತ್ತವೆ. ಇಂಥ ಕಡೆ ಮಳೆಗೆ ನೆನೆದ ಹಳಿಯ ಮೇಲೆ ಇಳಿಯುತ್ತಿರುವ ಗಾಡಿಗೆ ಬ್ರೇಕ್ ಹಾಕಿದೊಡನೆ ಅದು ಆಟೋರಿಕ್ಷಾದಂತೆ ನಿಲ್ಲುವುದಿಲ್ಲ, ಸರಿಯುತ್ತ ಸರಿಯುತ್ತ ತನಗೆ ಬೇಕಾದಷ್ಟು ದೂರ ಹೋಗಿಯೇ ನಿಲ್ಲುತ್ತದೆ. ವೇಗ ಕಡಿಮೆ ಇರುತ್ತದೆ ನಿಜ, ಆ ಕಡಿಮೆ ವೇಗವೇ ನಮ್ಮನ್ನು ಎಷ್ಟೋ ಸಲ ಕಾಪಾಡಿದೆ.

ಈಗ ಸದ್ದಿನ ವಿಷಯ. ಜುಲೈ ತಿಂಗಳಲ್ಲಿ ಆ ಸೇತುವೆಯ ಮೇಲೆ ಪಕ್ಕದಲ್ಲಿ ನಿಂತವನ ಮಾತೇ ಕೇಳಿಸುವುದಿಲ್ಲ. ಧೋ ಎಂದು ಬೀಳುವ ನೀರಿನ ಸದ್ದು, ರೇನ್‌ಕೋಟಿನ ಟೋಪಿಯ ಮೇಲೆ ಬೀಳುವ ಮಳೆಯ ಸದ್ದು, ಅದರ ಮೇಲೆ ಕಿವಿಯಲ್ಲಿ ಸಿಕ್ಕಿಸಿಕೊಂಡ ಹಾಡು. ಹಳಿಯೂ ನೇರವಾಗಿಲ್ಲ, ಗುಡ್ಡವನ್ನು ಸುತ್ತಿಕೊಂಡು ಬರುತ್ತದೆ. ತಿರುವಿನ ಆಚೆ ಏನಿದೆಯೆಂದು ನಮಗೂ ಕಾಣುವುದಿಲ್ಲ, ನಿಂತವರಿಗೂ ಕಾಣುವುದಿಲ್ಲ. ದಾರಿಯಲ್ಲಿ ಒಂದರ ಹಿಂದೆ ಒಂದು ಸುರಂಗಗಳಿವೆ. ಸುರಂಗದಲ್ಲಿ "ಪಕ್ಕಕ್ಕೆ ಸರಿದರಾಯಿತು" ಎಂಬ ಮಾತಿಗೆ ಅರ್ಥವೇ ಇಲ್ಲ, ಪಕ್ಕ ಎಂಬುದು ಅಲ್ಲಿ ಗೋಡೆ.

ಒಂದು ಮಧ್ಯಾಹ್ನದ ಮಾತು ಹೇಳುತ್ತೇನೆ. ಸುರಂಗದಿಂದ ಹೊರಬೀಳುತ್ತಿದ್ದಂತೆ ಎದುರಿಗೆ ಹಳಿಗಳ ನಡುವೆ ಬಣ್ಣಬಣ್ಣದ ಕೊಡೆಗಳು ಕಂಡವು. ಮಂಜು ಬೇರೆ. ತುರ್ತು ಬ್ರೇಕ್ ಎಳೆದೆ, ಸೀಟಿಯ ಗುಂಡಿಯಿಂದ ಕೈ ತೆಗೆಯಲಿಲ್ಲ. ಕೊಡೆಗಳು ಚದುರಿದವು, ಒಂದು ಕೊಡೆ ಮಾತ್ರ ಹಳಿಯ ಮೇಲೆಯೇ ಉಳಿಯಿತು. ಅದರ ಕೆಳಗೆ ಯಾರಾದರೂ ಇದ್ದಾರೆಯೇ ಇಲ್ಲವೇ ಎಂದು ತಿಳಿಯದೆ ಕಳೆದ ಆ ಕೆಲವು ಗಳಿಗೆಗಳನ್ನು ನಾನು ಈಗಲೂ ರಾತ್ರಿ ಎದ್ದು ಕುಳಿತು ಎಣಿಸುತ್ತೇನೆ. ಯಾರೂ ಇರಲಿಲ್ಲ. ಗಾಡಿ ನಿಂತಾಗ ನನ್ನ ಸಹಾಯಕ ಅಳುತ್ತಿದ್ದ. ಆ ಹೊತ್ತಿಗೆ ಒಬ್ಬ ಹುಡುಗ ಎಂಜಿನ್ನಿನ ಕೆಳಗೆ ಬಂದು ತಲೆಯೆತ್ತಿ, "ಸರ, ನಿಮ್ಮ ಜೋಡಿ ಒಂದ ಸೆಲ್ಫಿ?" ಎಂದ.

ಮಳೆಗಾಲದಲ್ಲಿ ಆ ಘಟ್ಟದ ಹಳಿಯ ಮೇಲೆ ಹಗಲಿರುಳು ನಡೆಯುವವರು ಬೇರೆ ಇದ್ದಾರೆ. ಬ್ಯಾಟರಿ, ಕೆಂಪು ಬಾವುಟ, ಬರುವ ಗಾಡಿಯನ್ನು ಎಚ್ಚರಿಸಲು ಹಳಿಗೆ ಕಟ್ಟುವ ಪಟಾಕಿ ಹಿಡಿದುಕೊಂಡು, ಎಲ್ಲಿ ಮಣ್ಣು ಸಡಿಲಾಗಿದೆ, ಎಲ್ಲಿ ಬಂಡೆ ಜಾರಿದೆ ಎಂದು ನೋಡುತ್ತ ಹೋಗುವ ಗ್ಯಾಂಗ್‌ಮನ್‌ಗಳು. 2021ರ ಜುಲೈ 23ರಂದು ದೂಧಸಾಗರ ಮತ್ತು ಸೋನಾವಳಿ ನಡುವೆ ಗುಡ್ಡ ಕುಸಿದು ಮಂಗಳೂರಿನಿಂದ ಮುಂಬಯಿಗೆ ಹೊರಟಿದ್ದ ಗಾಡಿ ಹಳಿ ತಪ್ಪಿದ್ದು ಅನೇಕರಿಗೆ ನೆನಪಿರಬಹುದು. ಅಂಥ ಜಾಗದಲ್ಲಿ ಗುಡ್ಡದ ಮೇಲೆ ಕಣ್ಣಿಡಬೇಕಾದವರು ಈಗ ರವಿವಾರ ಬಂದರೆ ಹುಡುಗರನ್ನು ಓಡಿಸುವ ಕೆಲಸಕ್ಕೆ ನಿಲ್ಲುತ್ತಿದ್ದಾರೆ.

ಗೋಕಾಕದವ, ಸೋಮವಾರ ಬೆಳಿಗ್ಗೆ 8.05

ಕಾಕಾ ಅವರ ಬರಹ ಓದಿ ಚಹಾ ಆರಿಹೋಯಿತು. ನಮ್ಮಲ್ಲಿ ಹಳಿಯಿಲ್ಲ, ಬಂಡೆಯಿದೆ. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ತುದಿಯಲ್ಲಿ ಪಾಚಿ ಕಟ್ಟಿದ ಬಂಡೆಯ ಮೇಲೆ ಚಪ್ಪಲಿ ಹಾಕಿಕೊಂಡು ಹೋಗಿ ನಿಲ್ಲುವವರನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತೇವೆ. ಕೇಳಿದರೆ "ಏನಾಗೂದಿಲ್ಲ ಬಿಡ್ರಿ" ಎನ್ನುತ್ತಾರೆ. ಈ "ಏನಾಗೂದಿಲ್ಲ ಬಿಡ್ರಿ" ಎಂಬ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಕರದಂಟಿಗಿಂತ ಹೆಚ್ಚು ಹೆಸರಿದೆ.

ಅನಗೋಳ ನಿವಾಸಿ, ಸೋಮವಾರ ಬೆಳಿಗ್ಗೆ 9.30

ಮಳೆಗಾಲ ಮುಗಿದರೆ ಅಪಾಯವೂ ಮುಗಿಯಿತು ಎಂದು ತಿಳಿಯಬಾರದು. 2022ರ ನವೆಂಬರ್ 26ರಂದು ಗಡಿಯಾಚೆಯ ಕಿತವಾಡ ಜಲಪಾತದಲ್ಲಿ ನಮ್ಮ ಬೆಳಗಾವಿಯ ನಾಲ್ವರು ಹೆಣ್ಣುಮಕ್ಕಳು ಸೆಲ್ಫಿ ತೆಗೆದುಕೊಳ್ಳುವಾಗ ನೀರಿಗೆ ಬಿದ್ದು ತೀರಿಹೋದರು. ಅಂದು ಜಿಲ್ಲಾ ಆಸ್ಪತ್ರೆಯ ಮುಂದೆ ಸೇರಿದ ಜನರ ನಡುವೆ ನಾನೂ ಇದ್ದೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಾಗುವುದಿಲ್ಲ.

ಜಾಂಬೋಟಿ ಖಾನಾವಳಿ, ಸೋಮವಾರ ಮಧ್ಯಾಹ್ನ 3.10

ನಮ್ಮದು ಜಾಂಬೋಟಿ ರಸ್ತೆಯಲ್ಲಿ ಒಂದು ಸಣ್ಣ ಖಾನಾವಳಿ. ನಿಮ್ಮಂಥ ಪ್ರವಾಸಿಗರಿಂದಲೇ ನಮ್ಮ ಒಲೆ ಉರಿಯುತ್ತದೆ, ಆದ್ದರಿಂದ ಯಾರೂ ಬರಬೇಡಿರೆಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ದುಡಿದದ್ದು ನಮಗೆ ವರ್ಷಪೂರ್ತಿ ಬರುತ್ತದೆ. ಹಾಗಿದ್ದೂ ಕೆಲವು ಸಂಗತಿ ಹೇಳಲೇಬೇಕು.

ನಮ್ಮ ಸುತ್ತಲಿನ ಕಾಡು ಭೀಮಗಡ ವನ್ಯಜೀವಿಧಾಮ. 2011ರ ಡಿಸೆಂಬರ್‌ನಲ್ಲಿ ಘೋಷಣೆಯಾದದ್ದು, 190 ಚದರ ಕಿಲೋಮೀಟರ್ ಇದೆ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ನಮಗೆ ಹತ್ತಿರ. ಇಲ್ಲಿ ಮಳೆ ನಿಮ್ಮ ಊರಿನ ಮಳೆಯಂತಲ್ಲ. ನೀವು ನಿಂತ ಜಾಗದಲ್ಲಿ ಬಿಸಿಲು ಬಿದ್ದಿರುತ್ತದೆ, ಮೇಲಿನ ಗುಡ್ಡದಲ್ಲಿ ಒಂದು ತಾಸು ಹೊಡೆದ ಮಳೆ ಹಳ್ಳದಲ್ಲಿ ಇಳಿದು ಬರುತ್ತಿರುತ್ತದೆ. ಮೊಣಕಾಲು ಮುಟ್ಟುತ್ತಿದ್ದ ನೀರು ನೀವು ಡಬ್ಬಿ ಬಿಚ್ಚಿ ಊಟ ಮುಗಿಸುವುದರೊಳಗೆ ಎದೆಮಟ್ಟ ಬರುತ್ತದೆ. ನಾವು ನೀರಿನ ಬಣ್ಣ ನೋಡುತ್ತೇವೆ. ತಿಳಿಯಾಗಿದ್ದದ್ದು ಕೆಂಪಗಾಗತೊಡಗಿದರೆ, ಎಲೆ-ಕಡ್ಡಿ ತೇಲಿ ಬರತೊಡಗಿದರೆ, ದನಗಳನ್ನು ಕೂಡಲೇ ಈಚೆ ದಡಕ್ಕೆ ಹೊಡೆಯುತ್ತೇವೆ. ಧಬಧಬಿಯ ಕೆಳಗಿನ ಮಡುವಿನಲ್ಲಂತೂ ಈಜು ಬಂದರೂ ಉಪಯೋಗವಿಲ್ಲ, ಮೇಲಿನಿಂದ ಬೀಳುವ ನೀರು ಒಳಗೊಳಗೇ ತಿರುಗಿಸಿ ಬುಡಕ್ಕೆ ಎಳೆಯುತ್ತದೆ.

ಮಳೆ ಜೋರಾದಾಗ ಅರಣ್ಯ ಇಲಾಖೆಯವರು ಮತ್ತು ಪೊಲೀಸರು ಜಲಪಾತಗಳ ದಾರಿಗೆ ಅಡ್ಡ ಹಾಕುತ್ತಾರೆ. ಆಗ ನಮ್ಮ ಖಾನಾವಳಿಗೆ ಬಂದು, "ಕಾಕಾ, ಹಿಂದಿನ ದಾರಿ ಯಾವುದೈತ್ರಿ?" ಎಂದು ಕೇಳುವವರು ದಿನಕ್ಕೆ ಎಷ್ಟು ಮಂದಿಯೋ. ಹೇಳದಿದ್ದರೆ ಸಿಟ್ಟು, ಚಹಾ ಕುಡಿಯದೇ ಎದ್ದು ಹೋಗುತ್ತಾರೆ. ಹೇಳುವ ಹುಡುಗರೂ ಇದ್ದಾರೆ, ನೂರಿನ್ನೂರು ರೂಪಾಯಿಗೆ. ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಅವರ ಮನೆಯ ಪರಿಸ್ಥಿತಿಯೂ ನನಗೆ ಗೊತ್ತು.

ಯಾರಾದರೂ ಜಾರಿ ಬಿದ್ದರೆ ಪಟ್ಟಣದಿಂದ ಅಗ್ನಿಶಾಮಕ ದಳದವರು ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಹಗ್ಗ ಹಿಡಿದು ಇಳಿಯುವವರು ನಮ್ಮ ಊರಿನ ಗೌಳಿಗರು, ದನ ಕಾಯುವವರು. ಹೋದ ವರ್ಷ ನನ್ನ ತಮ್ಮ ಹಾಗೆ ಇಳಿದು ಒಬ್ಬ ಹುಡುಗನನ್ನು ಮೇಲೆ ತಂದ. ತಂದವನ ಅಂಗೈ ಹಗ್ಗಕ್ಕೆ ಸುಲಿದು ಹದಿನೈದು ದಿನ ಹಾಲು ಕರೆಯಲು ಆಗಲಿಲ್ಲ. ಬದುಕಿದ ಹುಡುಗನ ಮನೆಯವರು ಕಾರಿನಲ್ಲಿ ಬಂದು ಅವನನ್ನು ಕರೆದುಕೊಂಡು ಹೋದರು. ನಮ್ಮ ಹಗ್ಗವೂ ಅದೇ ಕಾರಿನಲ್ಲಿ ಹೋಯಿತು, ಮರಳಿ ಬಂದಿಲ್ಲ.

ಇನ್ನು ಬಾಟಲಿ. ಕುಡಿದು ಬಂಡೆಗೆ ಒಡೆಯುವುದು ಏನು ಸಂತೋಷವೋ ನನಗೆ ತಿಳಿಯದು. ಹಳ್ಳದ ಮರಳಿನಲ್ಲಿ ಆ ಗಾಜು ಕಾಣುವುದಿಲ್ಲ. ನಮ್ಮ ಎಮ್ಮೆಯ ಗೊರಸಿನ ಸಂದಿಯಲ್ಲಿ ಹೊಕ್ಕ ಚೂರನ್ನು ನಾನು ಮತ್ತು ನನ್ನ ಹೆಂಡತಿ ಲಾಟೀನಿನ ಬೆಳಕಿನಲ್ಲಿ ಇಕ್ಕಳದಿಂದ ತೆಗೆದೆವು. ಎಮ್ಮೆಗಾದರೆ ನಾವಿದ್ದೇವೆ. ರಾತ್ರಿ ಅದೇ ಹಳ್ಳಕ್ಕೆ ನೀರಿಗೆ ಬರುವ ಕಾಡುಕೋಣ, ಕಡವೆಗಳಿಗೆ ಯಾರಿದ್ದಾರೆ?

ವಕೀಲಿ ಮಾಡುವವ, ಬೆಳಗಾವಿ, ಸೋಮವಾರ ಸಂಜೆ 7.20

ಹಲವರು "ಸಣ್ಣ ದಂಡ ಕಟ್ಟಿದರಾಯಿತು" ಎಂದು ತಿಳಿದಿರುವುದರಿಂದ ಕಾನೂನಿನ ಭಾಗವನ್ನು ಬರೆಯುತ್ತೇನೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅನುಮತಿಯಿಲ್ಲದೆ ಹಳಿಯ ಮೇಲೆ ಹೋಗುವುದಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಾಗಿಲ ಮೆಟ್ಟಿಲಿನ ಮೇಲೆ ನಿಂತು ಪ್ರಯಾಣಿಸುವುದು 156ನೇ ಕಲಮಿಗೆ ಬರುತ್ತದೆ, ಇದನ್ನು ಅಕ್ಕ ಅವರು ತಮ್ಮ ತಂಗಿಯ ಮಗನಿಗೆ ತಿಳಿಸಬಹುದು. ಜಲಪಾತ ಕಂಡೊಡನೆ ಇಳಿಯಲೆಂದು ಸರಪಳಿ ಎಳೆದರೆ 141ನೇ ಕಲಮು, ಒಂದು ವರ್ಷದವರೆಗೆ ಸೆರೆ. 2023ರ ಜುಲೈ ಮಧ್ಯದಲ್ಲಿ ಹಳಿಗುಂಟ ಬಂದವರನ್ನು ರೈಲ್ವೆ ಪೊಲೀಸರು ದೂಧಸಾಗರದ ಬಳಿ ಬಸ್ಕಿ ಹೊಡೆಸಿದ ವಿಡಿಯೋವನ್ನು ಎಲ್ಲರೂ ನೋಡಿ ನಕ್ಕಿದ್ದೇವೆ. ನೈಋತ್ಯ ರೈಲ್ವೆಯವರು ಆಗ ಜಲಪಾತದ ಸೊಬಗನ್ನು ಬೋಗಿಯ ಒಳಗಿನಿಂದಲೇ ಸವಿಯಿರಿ ಎಂದು ಕೇಳಿಕೊಂಡಿದ್ದರು. ಬಸ್ಕಿ ಯಾವ ಕಲಮಿನಲ್ಲೂ ಇಲ್ಲ, ಅದು ಬೇರೆ ಮಾತು.

ಇದಕ್ಕಿಂತ ಗಂಭೀರವಾದುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 27ನೇ ಕಲಮು ಅಭಯಾರಣ್ಯದೊಳಗೆ ಯಾರು ಪ್ರವೇಶಿಸಬಹುದು ಎಂಬುದನ್ನು ಹೇಳುವುದರ ಜೊತೆಗೆ, ಕಾಡುಪ್ರಾಣಿಯನ್ನು ಕೆಣಕುವುದನ್ನೂ ಅಲ್ಲಿ ಕಸ ಚೆಲ್ಲುವುದನ್ನೂ ಸ್ಪಷ್ಟವಾಗಿ ನಿಷೇಧಿಸುತ್ತದೆ. 35ನೇ ಕಲಮಿನ ಮೂಲಕ ಇದು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಆ ಬಾಟಲಿ ಒಡೆಯುವವರು ತಾವು ಕೇವಲ ಗಲೀಜು ಮಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ವನ್ಯಜೀವಿ ಅಪರಾಧದ ಮೊಕದ್ದಮೆಯಾದರೆ ಮುಂದೆ ಪಾಸ್‌ಪೋರ್ಟ್ ಮತ್ತು ನೌಕರಿಯ ಪೊಲೀಸ್ ವರದಿಯ ಹೊತ್ತಿಗೆ ಅದರ ತೂಕ ತಿಳಿಯುತ್ತದೆ.

ಬಾದಾಮಿ ಮಾರ್ಗದರ್ಶಿ, ಸೋಮವಾರ ರಾತ್ರಿ 8.45

ಕೆಣಕುವುದು ಎಂಬ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಪ್ರೀತಿಯಿಂದಲೂ ಕೆಣಕಬಹುದು. ನಮ್ಮ ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲಿನ ಮಂಗ್ಯಾಗಳು ಇಂದು ಹೆಣ್ಣುಮಕ್ಕಳ ಕೈಯಿಂದ ಚೀಲ ಕಸಿಯುವುದನ್ನು ಕಂಡು ಪ್ರವಾಸಿಗರು ಹೆದರುತ್ತಾರೆ. ಆ ವಿದ್ಯೆಯನ್ನು ಕಲಿಸಿದವರು ಇದೇ ಪ್ರವಾಸಿಗರ ಹಿಂದಿನ ತಂಡದವರು. ಪ್ಯಾಕೆಟ್ ಚರಪರ ಸದ್ದು ಮಾಡಿದರೆ ಸಾಕು, ಬಂಡೆಯ ತುದಿಯಲ್ಲಿ ಕುಳಿತದ್ದು ಕಣ್ಣು ಮಿಟುಕಿಸುವುದರೊಳಗೆ ಕೆಳಗಿರುತ್ತದೆ. ನಾನು ದಿನವೂ ಹೇಳುತ್ತೇನೆ, ಕೊಡಬೇಡಿರಿ ಎಂದು. "ಪಾಪ, ಹನುಮಪ್ಪ" ಎಂದು ಕೊಡುತ್ತಾರೆ.

ಕೆಎ 28, ಸೋಮವಾರ ರಾತ್ರಿ 10.10

ಬಾದಾಮಿಯವರ ಮಾತಿಗೆ ಬಂಡೀಪುರದಲ್ಲಿ ನಾನು ಕಂಡದ್ದನ್ನು ಸೇರಿಸುತ್ತೇನೆ. ವಿಜಯಪುರದಿಂದ ಮಕ್ಕಳನ್ನು ಕರೆದುಕೊಂಡು ಊಟಿಗೆ ಹೊರಟಿದ್ದೆವು. ಗುಂಡ್ಲುಪೇಟೆ ದಾಟಿದ ಮೇಲೆ ಕಾಡಿನ ರಸ್ತೆಯಲ್ಲಿ ಎದುರಿಗೆ ಮೂರು ಕಾರುಗಳು ನಿಂತಿದ್ದವು. ಅವುಗಳಲ್ಲಿ ಒಂದರ ನಂಬರ್ ನಮ್ಮದೇ ಜಿಲ್ಲೆಯದು ಎಂದು ಕಂಡು ಮಕ್ಕಳು ಹಿಗ್ಗಿದರು. ಆ ಕಾರಿನಿಂದ ಇಳಿದ ಗೃಹಸ್ಥರು ರಸ್ತೆಯ ಬದಿಯಲ್ಲಿದ್ದ ಆನೆಗೆ ಬಾಳೆಹಣ್ಣಿನ ಗೊನೆಯ ತುಂಡನ್ನು ತೋರಿಸಿ, ದೇವಸ್ಥಾನದ ಆನೆಯನ್ನು ಕರೆಯುವಂತೆ ಕರೆಯುತ್ತಿದ್ದರು. ಆನೆ ಮೊದಲು ಮೇಯುವುದನ್ನು ನಿಲ್ಲಿಸಿತು. ಆಮೇಲೆ ಕಿವಿ ಬೀಸುವುದನ್ನು ನಿಲ್ಲಿಸಿ ಎರಡನ್ನೂ ಮೊರದಂತೆ ಅಗಲಿಸಿ ನಿಂತಿತು. ನಮ್ಮ ಚಾಲಕ ಮೈಸೂರು ಕಡೆಯವನು, "ಸರ್, ಇದು ಬರ್ತದೆ" ಎಂದವನೇ ಗಾಡಿಯನ್ನು ಹಿಂದಕ್ಕೆ ಒಯ್ದ. ಅದು ನಾಲ್ಕು ಹೆಜ್ಜೆ ಓಡಿಬಂದು ನಿಂತು ಬಿಟ್ಟಿತು, ಗೃಹಸ್ಥರು ಒಂದು ಚಪ್ಪಲಿ ಬಿಟ್ಟು ಕಾರು ಸೇರಿದರು. ಎಲ್ಲರ ಅದೃಷ್ಟವೂ ಹೀಗಿರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಇದೇ ಬಂಡೀಪುರ-ಊಟಿ ರಸ್ತೆಯಲ್ಲಿ ಆನೆಯ ಹತ್ತಿರ ಹೋದ ಒಬ್ಬರನ್ನು ಅದು ಅಟ್ಟಿಸಿಕೊಂಡು ಬಂದು ತುಳಿದದ್ದನ್ನು, ಬದುಕಿ ಉಳಿದ ಅವರಿಗೆ ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿದ್ದನ್ನು ಎಲ್ಲರೂ ಓದಿದ್ದೇವೆ.

ನಮ್ಮ ಬಯಲುಸೀಮೆಯವರಿಗೆ ಕಾಡಿನ ರೂಢಿಯಿಲ್ಲ. ನಾವು ಕಂಡ ಆನೆ ಜಾತ್ರೆಯ ಆನೆ, ನಾವು ಕಂಡ ಹೊಳೆ ಬೇಸಿಗೆಯಲ್ಲಿ ಬತ್ತುವ ಡೋಣಿ. ಅದನ್ನು ನೆಪವಾಗಿ ಹೇಳುತ್ತಿಲ್ಲ, ಆದರೆ ಹೊರಡುವ ಮುನ್ನ ಯಾರಾದರೂ ಹೇಳಿಕೊಡಬೇಕಾದ ಸಂಗತಿ ಇದು.

ಗುಡ್ಡ ಸುತ್ತುವವ, ಮಂಗಳವಾರ ಬೆಳಿಗ್ಗೆ 7.50

ಲೋಂಡಾ ಕಾಕಾ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಸದ್ದಿನ ಬಗ್ಗೆ ನಾನು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ನಾನು ಹೋದದ್ದು ಅಕ್ಟೋಬರ್‌ನಲ್ಲಿ, ಆಕಾಶ ತಿಳಿಯಾಗಿತ್ತು.

ಆದರೂ ಒಂದು ಅಸಮಾಧಾನ ಉಳಿದಿದೆ, ಹೇಳಿಬಿಡುತ್ತೇನೆ. ಅದೇ ಕಾಡಿನ ನಡುವೆ ಎರಡನೆಯ ಹಳಿ ಹಾಕಲು ರೈಲ್ವೆಯವರೇ ಹೊರಟಿದ್ದರು. ಕ್ಯಾಸಲ್‌ರಾಕ್-ಕುಳೆಂ ಜೋಡಿಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಬೇಕಾಯಿತು. ಸಾವಿರಾರು ಮರ ಕಡಿಯಲು ಸಿದ್ಧರಿದ್ದವರು ಚಾಕಲೇಟಿನ ಕಾಗದ ಎಸೆದವನ ಮೇಲೆ ಕಲಮು ಹೇಳುವಾಗ ನಮ್ಮಂಥವರಿಗೆ ನಗು ಬರುತ್ತದೆ. ಕಾಡನ್ನು ಪ್ರೀತಿಸಿ ನಡೆದವರನ್ನೂ ಕುಡಿದು ಕುಣಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಾಳೆ ಆ ಕಾಡಿನ ಪರವಾಗಿ ನಿಲ್ಲುವವರು ಯಾರು ಉಳಿಯುತ್ತಾರೆ?

ಲೋಂಡಾ ಕಾಕಾ, ಮಂಗಳವಾರ ಬೆಳಿಗ್ಗೆ 8.30

ತಮ್ಮಾ, ನೀನು ಹೇಳಿದ್ದರಲ್ಲಿ ಹುರುಳಿದೆ. ಆ ಮೊಕದ್ದಮೆಯ ಬಗ್ಗೆ ನಮ್ಮ ಇಲಾಖೆಯಲ್ಲಿಯೂ ಎರಡು ಅಭಿಪ್ರಾಯಗಳಿದ್ದವು. ಆದರೆ ಎಂಜಿನ್ನಿನಲ್ಲಿ ಕುಳಿತವನಿಗೆ ಕೊಡೆಯ ಕೆಳಗಿರುವವನು ಕಾಡನ್ನು ಪ್ರೀತಿಸುವವನೋ ಅಲ್ಲವೋ ಎಂಬುದು ಕಾಣುವುದಿಲ್ಲ.

ಜೀವಶಾಸ್ತ್ರ ಮಾಸ್ತರ, ಖಾನಾಪುರ, ಮಂಗಳವಾರ ಸಂಜೆ 6.00

ಪ್ರೀತಿಯಿಂದ ನಡೆದವರೂ ಹಾನಿ ಮಾಡಬಲ್ಲರು ಎಂಬುದಕ್ಕೆ ನಮ್ಮ ತಾಲೂಕಿನ ಬಾರಾಪೆಡೆ ಗುಹೆಗಳೇ ಸಾಕ್ಷಿ. ರಾಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಎಂಬ ಬಾವಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1913ರಲ್ಲಿ, ಇದೇ ಗುಹೆಯ ಮಾದರಿಯಿಂದ. ಜಗತ್ತಿನಲ್ಲಿ ಬಹಳ ಕೆಲವೇ ಕಡೆ ಮಾತ್ರ ಕಂಡುಬಂದಿರುವ ಈ ಜೀವಿಗೆ ಕಾನೂನಿನ ಒಂದನೇ ಅನುಸೂಚಿಯ ರಕ್ಷಣೆಯಿದೆ. ಇಂಥ ಗುಹೆಯೊಳಗೆ ಹೋಗಿ ಮೊಬೈಲ್ ಬ್ಯಾಟರಿ ಮೇಲಕ್ಕೆ ಹಿಡಿದು "ಓ" ಎಂದು ಕೂಗಿ ಪ್ರತಿಧ್ವನಿ ಕೇಳುವ ಆಸೆ ಸಭ್ಯರಿಗೂ ಇರುತ್ತದೆ. ಬೆಳಕಿಗೂ ಸದ್ದಿಗೂ ಬೆದರಿ ಬಾವಲಿಗಳು ಹಗಲಿನಲ್ಲಿ ಹೊರಗೆ ಹಾರುತ್ತವೆ, ಮೈಗೆ ಅಂಟಿಕೊಂಡಿದ್ದ ಮರಿ ಕೆಳಗೆ ಬಿದ್ದರೆ ಅದಕ್ಕೆ ಮರಳಿ ಏರುವ ದಾರಿಯಿಲ್ಲ. ಸಾಮಾನ್ಯವಾಗಿ ಬಾವಲಿಗಳು ಸಲಕ್ಕೆ ಒಂದೇ ಮರಿ ಹಾಕುತ್ತವೆ ಎಂಬುದನ್ನು ನೆನಪಿಡಬೇಕು. ಅಲ್ಲಿ ಯಾರೂ ಕುಡಿದಿರುವುದಿಲ್ಲ, ಯಾರೂ ಬಾಟಲಿ ಒಡೆದಿರುವುದಿಲ್ಲ.

ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂಬ ಆಸೆ ನನಗೂ ಇತ್ತು, ಕೈಬಿಟ್ಟಿದ್ದೇನೆ. ಊರಿನ ಹಳೆಯ ಶಾಲಾ ಕಟ್ಟಡದಲ್ಲಿ ಸಣ್ಣ ಬಾವಲಿಗಳಿವೆ, ಸಂಜೆ ಹೊರಗೆ ನಿಂತು ಅವು ಹೊರಡುವುದನ್ನು ಎಣಿಸುತ್ತೇವೆ.

ಶಹಾಪುರದ ಅಕ್ಕ, ಮಂಗಳವಾರ ರಾತ್ರಿ 9.15

ಎಲ್ಲರಿಗೂ ಋಣಿ. ಜಾಂಬೋಟಿಯ ಅಣ್ಣನವರೇ, ನಿಮ್ಮ ಹಗ್ಗದ ಮಾತು ಓದಿ ನನ್ನ ಯಜಮಾನರು ರವಿವಾರ ಪೇಟೆಯಿಂದ ಒಂದು ನೈಲಾನ್ ಹಗ್ಗ ತರುತ್ತೇನೆಂದಿದ್ದಾರೆ. ಎಷ್ಟು ಉದ್ದ, ಎಷ್ಟು ದಪ್ಪ ಬೇಕೆಂದು ದಯವಿಟ್ಟು ತಿಳಿಸಿರಿ.

ತಂಗಿಯ ಮಗನಿಗೆ ಈ ಚರ್ಚೆಯನ್ನು ಓದಲು ಕೊಟ್ಟೆ. ತಂಗಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ಮನೆಯ ಮಾತನ್ನು ಬೀದಿಗೆ ತಂದೆಯೆಂದು. ಹುಡುಗ ಪೂರ್ತಿ ಓದಿದ. ವಿಡಿಯೋ ತೆಗೆದುಹಾಕು ಎಂದರೆ ಒಪ್ಪಲಿಲ್ಲ, ಇದುವರೆಗೆ ನೋಡಿದವರ ಲೆಕ್ಕ ಹೋಗಿಬಿಡುತ್ತದಂತೆ. ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ. ಅದನ್ನು ಹಾಗೆಯೇ ಬರೆಯುತ್ತಿದ್ದೇನೆ: "ನಾ ಹೊರಗ ಜೋತು ಬಿದ್ದಾಗ ಎಂಜಿನ್ನಿನಾಗ ಇದ್ದಾವ್ರಿಗೆ ಕಾಣಿಸಿರ್ತೇನೇನು? ಲೋಂಡಾ ಕಾಕಾನ್ನ ಕೇಳು." ಕಾಕಾ, ಉತ್ತರಿಸುವಿರಾ?

ಲೋಂಡಾ ಕಾಕಾ, ಬುಧವಾರ ಬೆಳಿಗ್ಗೆ 6.05

ಕಂಡಿರುತ್ತೀಯಪ್ಪಾ. ಆ ಸೇತುವೆ ತಿರುವಿನಲ್ಲಿದೆ. ತಿರುವು ಬಂದಾಗಲೆಲ್ಲ ಇಬ್ಬರಲ್ಲಿ ಒಬ್ಬರು ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಬೋಗಿಗಳನ್ನೆಲ್ಲ ಒಮ್ಮೆ ನೋಡಬೇಕು, ಹೊಗೆಯೋ ಕಿಡಿಯೋ ಇದ್ದರೆ ತಿಳಿಯಲೆಂದು. ನಾನಾಗಿದ್ದರೆ ಮೊದಲು ನಿನ್ನ ಅಂಗಿಯ ಬಣ್ಣ ನೋಡುತ್ತಿದ್ದೆ, ಆಮೇಲೆ ಮುಂದೆ ಬರುವ ಸಿಗ್ನಲ್ ಕಂಬ ನಿನ್ನಿಂದ ಎಷ್ಟು ದೂರವಿದೆಯೆಂದು ಅಳೆಯುತ್ತಿದ್ದೆ. ಕೂಗಿದರೆ ನಿನಗೆ ಕೇಳುವುದಿಲ್ಲ. ಇಳಿಜಾರಿನಲ್ಲಿ ಥಟ್ಟನೆ ಬ್ರೇಕ್ ಹಾಕಿದರೆ ಆ ಜಗ್ಗಿಗೇ ನಿನ್ನ ಕೈ ಜಾರಬಹುದು. ಹಾಗಾಗಿ ಸೀಟಿ ಹಾಕುತ್ತ, ನೀನು ಒಳಗೆ ಹೋಗುವವರೆಗೂ ತಲೆ ಒಳಗೆ ತೆಗೆದುಕೊಳ್ಳದೆ, ಮಳೆಯಲ್ಲಿ ನೋಡುತ್ತಲೇ ಇರುತ್ತಿದ್ದೆ.